ಪಕ್ಕದ ಸೀಟಿನಲ್ಲಿ ಬ್ರೇಕಿಲ್ಲ

ಡ್ರೈವಿಂಗ್ ಶಾಲೆಯ ಆ ಹಿರಿಯರಿಗೆ ಊರೆಲ್ಲ ಸೇರಿ ಇಟ್ಟ ಹೆಸರು ಗೇರ್ ಮೇಷ್ಟ್ರು. ಶಾಲೆಯ ಕಾರಿನಲ್ಲಿ ಕಲಿಸುವವರ ಸೀಟಿಗೂ ಒಂದು ಬ್ರೇಕ್ ಇರುತ್ತದೆ. ಅದರ ಮೇಲೆ ಕಾಲಿಟ್ಟುಕೊಂಡೇ ಅವರ ತಲೆ ನರೆತಿತ್ತು. ಬಾಯಿಗೆ ಮಾತ್ರ ಬ್ರೇಕ್ ಇರಲಿಲ್ಲ. ಮೀಸೆ ಹೊತ್ತ ಗಂಡಸೊಬ್ಬ ಏರಿನಲ್ಲಿ ಎಂಜಿನ್ ನಿಲ್ಲಿಸಿಬಿಟ್ಟರೆ, "ಏನಪ್ಪಾ ಮದುಮಗ, ಇಲ್ಲೇ ಸುಸ್ತಾದ್ರೆ ಮುಂದೇನ್ ಗತಿ?" ಎನ್ನುವರು. ಹಿಂದಿನ ಸೀಟಿನವರು ಬಿದ್ದು ಬಿದ್ದು ನಗುವರು.

ಮನೆಯ ಸ್ವಂತ ಕಾರನ್ನಂತೂ 'ಇವಳು' ಎಂದೇ ಕರೆಯುತ್ತಿದ್ದರು. ಬೆಳಗೆದ್ದು ಮೆತ್ತನೆಯ ಬಟ್ಟೆಯಲ್ಲಿ ಅವಳ ಮೈ ಒರೆಸದೆ ಕಾಫಿ ಮುಟ್ಟುತ್ತಿರಲಿಲ್ಲ.

"ನನ್ನ ಬೆನ್ನು ನೋಯ್ತಿದೆ ಅಂದಾಗ ಒಂದಿನ ಒತ್ತಿದ್ದುಂಟಾ? ಅವಳಿಗಾದ್ರೆ ಮೈಯೆಲ್ಲ ಸವರ್ತೀರಿ," ಎಂದು ಹೆಂಡತಿ ಬಾಗಿಲಲ್ಲಿ ನಿಂತೇ ಚುಚ್ಚುವರು.

"ಅವಳು ಎದುರು ಮಾತಾಡಲ್ಲ ಕಣೇ."

ಎಷ್ಟೋ ಹೆಂಗಸರಿಗೆ ಕಲಿಸಿದ ಮನುಷ್ಯ ಹೆಂಡತಿಗೆ ಮಾತ್ರ ಕೀಲಿ ಕೊಡಲಿಲ್ಲ. ಆಕೆ ಸ್ಟಿಯರಿಂಗ್ ಹಿಡಿದ ದಿನ ತಾನು ಗಂಡನಾಗಿ ಉಳಿಯಲಾರೆನೆಂಬ ಹೇಳಿಕೊಳ್ಳಲಾಗದ ಭಯ. ಭಗವಂತನು ಗಂಡಸಿನ ಘನತೆಯನ್ನು ಅವನ ಎದೆಯೊಳಗೇ ಇಟ್ಟು ಕಳಿಸಿದ್ದರೂ, ಬಡಪಾಯಿ ಅದನ್ನು ಎಂಜಿನ್ನಿನ ಸದ್ದಿನಲ್ಲಿ ಹುಡುಕುತ್ತಾನೆ.

ಹೀಗಿರುವಾಗ ಮೇಷ್ಟ್ರು ಸ್ನಾನದ ಮನೆಯಲ್ಲಿ ಮೂರ್ಛೆ ಬಂದು ಬಿದ್ದರು. ಮತ್ತೊಮ್ಮೆ ಊಟದ ನಡುವೆ. "ಇನ್ಮೇಲೆ ಗಾಡಿ ಓಡಿಸೋ ಹಾಗಿಲ್ಲ," ಎಂದರು ಡಾಕ್ಟರು. ಮಾತ್ರೆಗಳು ಮೂರ್ಛೆಯನ್ನು ತಡೆದವು, ಜೊತೆಗೆ ಮೈಯ ಕಸುವನ್ನೂ ಹೀರಿದವು. ಹಾಸಿಗೆಯಲ್ಲಿ ಅವರು ಗೋಡೆಯ ಕಡೆಗೆ ತಿರುಗಿ ಮಲಗತೊಡಗಿದರು. ಕಳೆದುಕೊಂಡದ್ದು ರಸ್ತೆಯನ್ನೋ ದಾಂಪತ್ಯವನ್ನೋ, ಅವರಿಗೇ ಬಿಡಿಸಿ ನೋಡಲಾಗುತ್ತಿರಲಿಲ್ಲ. ಸಂಜೆಯಾದರೆ ಶೆಡ್ಡಿನ ಬಾಗಿಲು ಮುಚ್ಚಿಕೊಂಡು, ನಿಂತ ಕಾರಿನಲ್ಲಿ ಕೂತು ಸುಮ್ಮನೆ ಗೇರು ಬದಲಿಸುತ್ತಿದ್ದರು. ಕೀಲಿ ಒಳಜೇಬು ಬಿಟ್ಟು ಕದಲಲಿಲ್ಲ.

ಒಂದು ಬೆಳಿಗ್ಗೆ ಹೆಂಡತಿ ಕೈ ಚಾಚಿದರು. "ಕೀ ಕೊಡಿ. ಆಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತೀನಿ."

"ನೀನಾ? ಯಾರು ಕಲಿಸಿದ್ರು?"

"ನಿಮ್ಮ ಶಿಷ್ಯೇನೇ. ಎದುರುಮನೆ ಟೈಲರ್ ಅಕ್ಕ. ಲೈಸೆನ್ಸೂ ಬಂತು. ಅವರು ನಿಮ್ಮ ಹಾಗೆ ಮಾನ ಹರಾಜು ಹಾಕಲ್ಲ."

"ನಾನಿನ್ನೂ ಸತ್ತಿಲ್ಲ ಕಣೇ!"

"ಸಾಯಬಾರದು ಅಂತಲೇ ರೀ ಕೇಳ್ತಿರೋದು."

ಮೇಷ್ಟ್ರು ಒಳಜೇಬಿಗೆ ಕೈ ಹಾಕಿದರು. ಕೀಲಿ ಕೊಟ್ಟರು. ಕೈ ಮಾತ್ರ ಮತ್ತೆ ಮತ್ತೆ ಖಾಲಿ ಜೇಬಿಗೆ ಹೋಗುತ್ತಿತ್ತು.

ಆಸ್ಪತ್ರೆಯ ದಾರಿಯ ಏರಿನಲ್ಲಿ ಎಂಜಿನ್ ನಿಲ್ಲುತ್ತದೆಂದು ಅವರು ಪಕ್ಕದ ಸೀಟಿನಲ್ಲಿ ಕೂತು ಕಾದರು. ನಿಲ್ಲಲಿ ಎಂದೂ ಒಳಗೊಳಗೇ ಬೇಡಿಕೊಂಡರು. ಗೇರು ಬೆಣ್ಣೆಯಂತೆ ಬಿತ್ತು. ನಾಲಗೆಯ ತುದಿಯಲ್ಲಿದ್ದ ಗೇಲಿಯನ್ನು ನುಂಗಿಕೊಂಡರು.

ತಿರುವಿನಲ್ಲಿ ಹಾಲಿನ ವ್ಯಾನೊಂದು ಅಡ್ಡ ನುಗ್ಗಿತು. ಮೇಷ್ಟ್ರ ಕಾಲು, ಶಾಲೆಯ ಕಾರಿನಲ್ಲಿ ಬ್ರೇಕ್ ಇರುತ್ತಿದ್ದ ಜಾಗವನ್ನು ಬಲವಾಗಿ ಒತ್ತಿತು. ಅಲ್ಲಿದ್ದದ್ದು ರಬ್ಬರಿನ ಹಾಸು. ಕಾರೇನೋ ಆಗಲೇ ನಿಂತಿತ್ತು, ನಿಲ್ಲಿಸಿದವರು ಹೆಂಡತಿ.

"ಕಾಲು ತೆಗೀರಿ. ಅಲ್ಲೇನೂ ಇಲ್ಲ."

"ಗೊತ್ತು."

"ಗೊತ್ತಿದ್ದೂ ಯಾಕೆ ಒತ್ತುತ್ತೀರಿ?"

ಮೇಷ್ಟ್ರು ಕಿಟಕಿಯ ಕಡೆ ಮುಖ ತಿರುಗಿಸಿದರು. ಆಕೆ ಅವರ ಮಂಡಿಯ ಮೇಲೆ ಕೈಯಿಟ್ಟರು, ಎಷ್ಟೋ ತಿಂಗಳ ಮೇಲೆ. ಅದನ್ನು ಹಿಡಿದುಕೊಳ್ಳಲು ಮೇಷ್ಟ್ರಿಗೆ ಮನಸ್ಸಿತ್ತು, ಬೆರಳು ಏಳಲಿಲ್ಲ. ಅಷ್ಟರಲ್ಲಿ ಹಿಂದಿನ ಗಾಡಿಯವರು ಹಾರ್ನ್ ಹೊಡೆದರು, ಗೇರು ಹಾಕಲೆಂದು ಆ ಕೈ ಹೊರಟುಹೋಯಿತು.

ಕಾರು ಚಲಿಸಿತು. ಮೇಷ್ಟ್ರ ಕಾಲು ಇನ್ನೂ ಆ ಹಾಸನ್ನು ಒತ್ತಿಯೇ ಇತ್ತು.