ಮಗ್ಗದ ಹಣಿಗೆಯವರು

ನಮ್ಮ ಬ್ಲಾಕಿನ ಇಂಗ್ಲಿಷ್ ಅಂಕಲ್‌ರ ಮನೆತನದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ಗುಟ್ಟೇನೂ ಇಲ್ಲ. ಆ ಹೆಸರಿನವರು ಇಡೀ ಸಿಂಗಾಪುರದಲ್ಲಿ ಅವರ ಮನೆಯವರನ್ನು ಬಿಟ್ಟರೆ ಬೇರೆ ಇಲ್ಲ, ಹಾಗಾಗಿ ಬರೆದರೆ ಅವರ ಬಾಗಿಲ ಮುಂದೆ ನಿಂತು ಬೆರಳು ಮಾಡಿ ತೋರಿಸಿದಂತಾಗುತ್ತದೆ. ಅರ್ಥವನ್ನು ಮಾತ್ರ ಹೇಳುತ್ತೇನೆ. ಮಗ್ಗದ ಹಣಿಗೆ ಮಾಡುವವನು ಎಂದು ಅದರ ಅರ್ಥ.

ಮಗ್ಗದ ಹಣಿಗೆಯನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೆ. ಉಡುಪಿಯ ಹತ್ತಿರ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಸೀರೆ ನೇಯುವವರಿದ್ದರು. ಹಾಸಿನ ನೂಲುಗಳು ಸಿಕ್ಕಾಗದ ಹಾಗೆ ಎಳೆ ಎಳೆಯಾಗಿ ಬಿಡಿಸಿ ಹಿಡಿಯುವ, ಹೊಕ್ಕಿನ ನೂಲನ್ನು ತಳ್ಳಿ ಬಿಗಿ ಮಾಡುವ ಬಾಚಣಿಗೆಯಂಥ ಉದ್ದನೆಯ ಪಟ್ಟಿ ಅದು. ನೇಯುವವರ ಕೈ ಎಷ್ಟೇ ಚೆನ್ನಾಗಿದ್ದರೂ ಹಣಿಗೆ ಸರಿಯಿಲ್ಲದಿದ್ದರೆ ಬಟ್ಟೆ ಕೆಡುತ್ತಿತ್ತು. ಆದರೆ ಅದನ್ನು ಮಾಡಿದವರು ಯಾರು ಎಂದು ನಾನು ಒಂದು ದಿನವೂ ಯೋಚಿಸಿದವಳಲ್ಲ.

ಅಂಕಲ್ ಪರಿಚಯವಾದದ್ದು ನಾವು ಹೌಗಾಂಗ್‌ಗೆ ಶಿಫ್ಟ್ ಆದ ಹೊಸತರಲ್ಲಿ. ಲಿಫ್ಟ್ ಸರ್ವೀಸಿಗೆಂದು ನಿಲ್ಲಿಸಿದ್ದರು. ನಾನು ತರಕಾರಿ ಚೀಲ ಹಿಡಿದು, ಅವರು ಬ್ರೆಡ್ಡು ಹಾಲು ಹಿಡಿದು ಬ್ಲಾಕಿನ ಕೆಳಗೆ ಗೋಡೆಯಿಲ್ಲದೆ ತೆರೆದಿರುವ ವಾಯ್ಡ್ ಡೆಕ್‌ನ ಕಲ್ಲುಮೇಜಿನ ಎರಡು ಬದಿಗೆ ಕೂತಿದ್ದೆವು. ನನ್ನ ಉದ್ಯೋಗವೇ ಕಲ್ಲಾಂಗ್‌ನ ಒಂದು ಆಫೀಸಿನಲ್ಲಿ ಲಿಫ್ಟ್‌ಗಳ ಡ್ರಾಯಿಂಗ್ ಮಾಡುವುದು. ಆದರೂ ನಮ್ಮ ಮನೆಯ ಲಿಫ್ಟ್ ನಿಂತರೆ ನಾನೂ ಎಲ್ಲರಂತೆ ಬಾಯಿ ಮುಚ್ಚಿಕೊಂಡು ಕಾಯಬೇಕು. ಕಾಯುವಾಗ ಸುಮ್ಮನಿರುವುದು ನನ್ನ ಜಾಯಮಾನದಲ್ಲಿಲ್ಲ. ಕರಾವಳಿಯ ನಮಗೆ ಯಾರ ಪಕ್ಕ ಕೂತರೂ ಮೊದಲು ಮನೆ ಯಾವುದು ಎಂದು ಕೇಳದೆ ಸಮಾಧಾನವಿಲ್ಲ, ಹೆಸರು ಆಮೇಲೆ. ಮನೆತನದ ಹೆಸರೇನು, ಅದಕ್ಕೆ ಅರ್ಥವೇನು ಎಂದು ಕೇಳಿಬಿಟ್ಟೆ. ಅವರ ಮುಖ ಅರಳಿತು. ಇಷ್ಟು ವರ್ಷ ಇಲ್ಲಿದ್ದೇನೆ, ಈ ಹೆಸರನ್ನು ತಪ್ಪಾಗಿ ಕರೆದವರು ಬೇಕಾದಷ್ಟು, ಅರ್ಥ ಕೇಳಿದವರು ನೀವೊಬ್ಬರೇ ಎಂದರು. ಲಿಫ್ಟ್ ಶುರುವಾದ ಮೇಲೂ ನಾವು ಮೇಲೇಳಲಿಲ್ಲ, ಅವರ ಹಾಲು ಬಿಸಿಯಾಗಿಹೋಯಿತು.

ಅವರು ಹಡಗಿನ ಎಂಜಿನಿಯರಾಗಿ ಬಂದು, ಇಲ್ಲಿಯ ಚೀನೀ ಟೀಚರೊಬ್ಬರನ್ನು ಮದುವೆಯಾಗಿ, ಇಲ್ಲೇ ಉಳಿದವರು. ಹೆಂಡತಿ ತೀರಿಕೊಂಡಿದ್ದರು. ಇದ್ದೊಬ್ಬ ಮಗಳು ಮದುವೆಯಾಗಿ ಬುಕಿತ್ ಪಂಜಾಂಗ್‌ನಲ್ಲಿದ್ದಳು. ಅವರ ಅಡುಗೆಮನೆಯ ಗೋಡೆಯ ಮೇಲೆ ಇಂಗ್ಲೆಂಡಿನ ದೊಡ್ಡ ನಕಾಶೆ, ಅದರ ಪಕ್ಕ ಪ್ರಪಂಚದ್ದೊಂದು ಚಿಕ್ಕದು. ಎರಡರ ಮೇಲೂ ಗುಂಡುಸೂಜಿಗಳು. ತನ್ನ ಹೆಸರಿನವರು ಎಲ್ಲೆಲ್ಲಿದ್ದಾರೆಂದು ಹುಡುಕಿ ಹುಡುಕಿ ಚುಚ್ಚಿದ್ದರು. ಇಂಗ್ಲೆಂಡಿನ ಉತ್ತರದ ಒಂದು ಕಣಿವೆಯಲ್ಲಿ ಸೂಜಿಗಳು ಒತ್ತೊತ್ತಾಗಿ ನಿಂತಿದ್ದವು, ದಕ್ಷಿಣಕ್ಕೆ ಬಂದ ಹಾಗೆ ಅಲ್ಲೊಂದು ಇಲ್ಲೊಂದು, ರೇವುಪಟ್ಟಣಗಳ ಹತ್ತಿರ ಸ್ವಲ್ಪ, ಸಮುದ್ರ ದಾಟಿದವು ಬೆರಳೆಣಿಕೆಯಷ್ಟು.

ಯಾಕೆ ಹೀಗೆ ಒಂದೇ ಕಡೆ ಗುಂಪಾಗಿದ್ದಾರೆ ಎಂದು ಕೇಳಿದೆ. ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಹಿಂದಿನ ಕಾಲದಲ್ಲಿ ಒಂದೇ ಹಳ್ಳಿಯಲ್ಲಿ ಒಂದೇ ಹೆಸರಿನವರು ಹತ್ತು ಜನ ಇರುತ್ತಿದ್ದರು. ಗುರುತು ಹಿಡಿಯಲು ಕಸುಬನ್ನು ಹೆಸರಿಗೆ ಸೇರಿಸಿ ಕರೆದರು. ಕಮ್ಮಾರ ಪ್ರತಿ ಊರಿಗೂ ಬೇಕು, ಹಿಟ್ಟಿನ ಗಿರಣಿಯವನು ಬೇಕು, ದರ್ಜಿ ಬೇಕು, ಆದ್ದರಿಂದ ಆ ಹೆಸರುಗಳು ದೇಶದ ತುಂಬ ಹರಡಿದವು. ಹಣಿಗೆ ಮಾಡುವವನು ಬೇಕಾದದ್ದು ನೇಯುವವರಿದ್ದಲ್ಲಿ ಮಾತ್ರ. ಅಲ್ಲೂ ಒಬ್ಬನೇ ಕೂತು ಸುತ್ತಲಿನ ಮಗ್ಗಗಳಿಗೆಲ್ಲ ಮಾಡಿಕೊಡಬಲ್ಲ. ಆಮೇಲೆ ಮಗ ರೊಟ್ಟಿ ಸುಡುವ ಕೆಲಸಕ್ಕೆ ಹೋದರೂ ಮೊಮ್ಮಗ ಹಡಗು ಹತ್ತಿದರೂ ಹೆಸರು ಅಂಟಿಕೊಂಡೇ ಬಂತು. ನನ್ನ ಗಂಡನಿಗೆ ಇದನ್ನು ಹೇಳಿದರೆ, ಅವರ ಆಫೀಸಿನಲ್ಲಿರುವ ಹುಬ್ಬಳ್ಳಿ ಕಡೆಯವರನ್ನೆಲ್ಲ ನೆನೆಸಿಕೊಂಡು, ಬಡಿಗೇರ, ಪತ್ತಾರ, ಹೂಗಾರ, ಗಾಣಿಗೇರ, ಒಬ್ಬರಿಗೂ ಒಂದು ಮೊಳೆ ಹೊಡೆಯಲು ಬರುವುದಿಲ್ಲ ಎಂದು ನಕ್ಕರು.

ಅಂಕಲ್‌ರ ಸೂಜಿಗಳಲ್ಲಿ ಎರಡು ಬಣ್ಣ. ಹೆಸರು ಮುಂದುವರಿಯಬಹುದಾದ ಕಡೆ ಕೆಂಪು. ಮನೆಯಲ್ಲಿ ಹೆಣ್ಣುಮಕ್ಕಳು ಮಾತ್ರ ಉಳಿದಿದ್ದರೆ ಬಿಳಿ, ಅಂದರೆ ಇಲ್ಲಿಗೆ ಮುಗಿಯಿತು. ವರ್ಷ ವರ್ಷ ಕೆಂಪು ತೆಗೆದು ಬಿಳಿ ಹಾಕುವುದೇ ಹೆಚ್ಚಾಗಿದೆ ಎಂದರು. ಸಿಂಗಾಪುರದ ಮೇಲೆ ಎರಡು ಸೂಜಿಗಳಿದ್ದವು, ಹೌಗಾಂಗ್‌ನಲ್ಲಿ ಅವರದು, ತಾವಿರುವಷ್ಟು ದಿನ, ಕೆಂಪು, ಬುಕಿತ್ ಪಂಜಾಂಗ್‌ನಲ್ಲಿ ಮಗಳದು ಬಿಳಿ. ಆ ಚಿಕ್ಕ ನಕಾಶೆಯಲ್ಲಿ ಇಡೀ ದ್ವೀಪ ಒಂದು ಉದ್ದಿನಕಾಳಿನಷ್ಟೂ ಇರಲಿಲ್ಲ, ಎರಡೂ ಒಂದನ್ನೊಂದು ತಾಗಿಕೊಂಡೇ ನಿಂತಿದ್ದವು. ನನಗೆ ಒಬ್ಬಳೇ ಮಗಳು, ನನ್ನೊಂದಿಗೆ ಈ ಶಾಖೆ ಮುಗಿಯಿತು ಎಂದು ಅವರು ಮೆಲ್ಲಗೆ ಹೇಳಿದರು.

ಆಗ ನಾನು ಮಾಡಿದ ಎಡವಟ್ಟು ನಮ್ಮ ತುಳುನಾಡಿನವರು ಬಿಟ್ಟರೆ ಬೇರೆ ಯಾರೂ ಮಾಡಲಾರರು. ಮಗಳು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಯ್ಯೋ ಅಂಕಲ್, ಮಗಳಿದ್ದಾಳಲ್ಲ, ಇನ್ನೇನು ಚಿಂತೆ, ನಿಮ್ಮ ಮನೆ ಉಳಿಯಿತು ಎಂದು ಕೈ ಹಿಡಿದು ಅಭಿನಂದಿಸಿಯೇಬಿಟ್ಟೆ. ಅವರು ತಬ್ಬಿಬ್ಬಾಗಿ ನೋಡಿದರು. ನಾನು ತಮಾಷೆ ಮಾಡುತ್ತಿದ್ದೇನೋ, ತಲೆ ಕೆಟ್ಟಿದೆಯೋ ಎಂಬ ಅನುಮಾನ ಅವರ ಕಣ್ಣಲ್ಲಿ ಚೆನ್ನಾಗಿ ಕಾಣುತ್ತಿತ್ತು.

ತಪ್ಪು ನನ್ನದಲ್ಲ, ನಾನು ಬೆಳೆದ ಮನೆಯದು. ನಮ್ಮದು ಅಳಿಯಕಟ್ಟು. ನಮ್ಮ ಕುಲದ ಗುರುತಾದ ಬರಿ ಬರುವುದು ತಾಯಿಯಿಂದ. ಅಜ್ಜಿಯದು ಅಮ್ಮನಿಗೆ, ಅಮ್ಮನದು ನನಗೆ, ನನ್ನದು ನನ್ನ ಮಗಳಿಗೆ. ಅಪ್ಪನ ಬರಿ ಬೇರೆ, ಗಂಡನದು ಬೇರೆ. ಯಾರ ಮನೆಯಲ್ಲಾದರೂ ಬರೀ ಗಂಡುಮಕ್ಕಳೇ ಹುಟ್ಟಿದರೆ ನನ್ನ ಅಜ್ಜಿ, ಪಾಪ, ಆ ಮನೆ ಮುಗಿಯಿತು ಎಂದು ಲೊಚಗುಟ್ಟುತ್ತಿದ್ದರು. ಅವರ ಕೈಗೆ ಅಂಕಲ್‌ರ ನಕಾಶೆ ಸಿಕ್ಕಿದ್ದರೆ ಕೆಂಪನ್ನೆಲ್ಲ ಬಿಳಿ, ಬಿಳಿಯನ್ನೆಲ್ಲ ಕೆಂಪು ಮಾಡುತ್ತಿದ್ದರು.

ಇದನ್ನೆಲ್ಲ ವಿವರಿಸಿದಾಗ ಅಂಕಲ್ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ, ಈ ಬರಿ ಎಲ್ಲಿ ಬರೆದಿರುತ್ತದೆ ಎಂದು ಕೇಳಿದರು. ಎಲ್ಲೂ ಇಲ್ಲ ಎಂದೆ. ಪಾಸ್‌ಪೋರ್ಟಿನಲ್ಲಿರುವುದು ಅಪ್ಪನ ಕಡೆಯ ಹೆಸರು, ಬರಿಯನ್ನು ಬಾಯಲ್ಲೇ ಹೇಳಿಕೊಡುವುದು.

“ಬರೆಯದೆ ಇಷ್ಟು ತಲೆಮಾರು ಹೇಗೆ ಉಳಿಯಿತು?”

“ಮದುವೆ ಮಾತು ಬಂದಾಗ ಬೇಕೇ ಬೇಕು ಅಂಕಲ್. ಒಂದೇ ಬರಿಯವರು ಅಣ್ಣತಂಗಿ ಆಗ್ತಾರೆ, ಮದುವೆ ಆಗೋ ಹಾಗಿಲ್ಲ. ಅದಕ್ಕೇ ಯಾರೂ ಮರೆಯಲ್ಲ.”

“ಅಂದರೆ ಯಾವುದಕ್ಕಾದರೂ ಬೇಕಾಗಬೇಕು,” ಎಂದು ಅವರು ತಮಗೆ ತಾವೇ ಹೇಳಿಕೊಂಡರು.

ನಾನು ಜಂಬದಿಂದ ಮನೆಗೆ ಬಂದು, ಒಂಬತ್ತು ವರ್ಷದ ನನ್ನ ಮಗಳನ್ನು ಕರೆದು ನಮ್ಮ ಬರಿ ಯಾವುದು ಎಂದು ಕೇಳಿದೆ. “ಯಾಕಮ್ಮ ಗೊತ್ತಿರ್ಬೇಕು? ಎಕ್ಸಾಮಲ್ಲಿ ಕೇಳಲ್ಲ, ಲಾ,” ಎಂದು ಇಲ್ಲಿಯವರ ಧಾಟಿಯಲ್ಲಿ ಹೇಳಿದಳು. ನನ್ನ ಜಂಬವೆಲ್ಲ ಅಲ್ಲೇ ಇಳಿಯಿತು. ಊಟ ಬಡಿಸುವ ಮೊದಲು ಬರಿಯ ಹೆಸರು ಬಾಯಿಪಾಠ ಮಾಡಿಸಿದೆ. ಪಕ್ಕದಲ್ಲಿದ್ದ ನನ್ನ ಗಂಡ, ನನ್ನದು ಯಾರೂ ಕೇಳುವವರಿಲ್ಲ ಎಂದು ಗೊಣಗಿದರು.

ಮುಂದಿನ ವರ್ಷ ಅಂಕಲ್‌ರ ಮಗಳು ಬಸುರಿಯಾದಳು. ಅಳಿಯನ ಕಡೆ ಅದು ಮೊದಲ ಮೊಮ್ಮಗು, ಮಗುವಿಗೆ ತಮ್ಮ ಚೀನೀ ಮನೆತನದ ಹೆಸರೇ ಎಂದು ಆ ಮನೆಯವರು ಲೆಕ್ಕ ಹಾಕಿಕೊಂಡಿದ್ದರು. ನಾನು ಹೋದಾಗಲೆಲ್ಲ ಅಂಕಲ್ ಆ ಎರಡು ಸೂಜಿಗಳ ಮುಂದೆ ನಿಂತಿರುತ್ತಿದ್ದರು. ಅವರಿಗೆ ಏನು ಬೇಕೆಂದು ಕುರುಡನಿಗೂ ಕಾಣುವಂತಿತ್ತು.

ಒಂದು ಭಾನುವಾರ ಅವರ ಮಗಳು ನನ್ನನ್ನು ಕೆಳಗೆ ವಾಯ್ಡ್ ಡೆಕ್‌ಗೆ ಕರೆದು, ಅಪ್ಪನಿಗೆ ಆಸೆಯಿದ್ದರೆ ಮಗುವಿಗೆ ನಮ್ಮ ಹೆಸರೇ ಇಡುತ್ತೇನೆ, ಗಂಡ ಒಪ್ಪಿದ್ದಾನೆ, ಅತ್ತೆಮಾವನ ಹತ್ತಿರ ಜಗಳವಾದರೂ ಸರಿ, ಆದರೆ ಅಪ್ಪ ಬಾಯಿ ಬಿಡುವುದಿಲ್ಲ, ನೀವೇ ಕೇಳಿ ಎಂದಳು. ಅಪ್ಪ ಮಗಳು ಇಬ್ಬರೂ ಬಿಗುಮಾನದವರು. ಮನಸ್ಸಿನಲ್ಲಿದ್ದದ್ದನ್ನು ನನ್ನ ಹತ್ತಿರ ಹೇಳುತ್ತಾರೆ, ಒಬ್ಬರಿಗೊಬ್ಬರು ಹೇಳುವುದಿಲ್ಲ. ನಾನು ಕುಣಿದುಕೊಂಡು ಮೇಲೆ ಹೋಗಿ ಅಂಕಲ್‌ಗೆ ಸಿಹಿಸುದ್ದಿ ಎಂಬಂತೆ ಹೇಳಿದೆ.

“ಬೇಡ,” ಎಂದರು. “ಆ ಕಡೆಯೂ ಒಬ್ಬ ಅಜ್ಜ ನನ್ನ ಹಾಗೇ ಕಾಯುತ್ತಿದ್ದಾನೆ. ನನ್ನ ಹೆಸರಿಗೋಸ್ಕರ ಆ ಮಗು ಜಗಳದ ಮನೆಯಲ್ಲಿ ಹುಟ್ಟಬಾರದು.”

ನನಗೆ ಸಿಟ್ಟು ಬಂತು. ಇಷ್ಟು ವರ್ಷ ಸೂಜಿ ಚುಚ್ಚಿದ್ದು ಯಾಕೆ, ಕೈಗೆ ಬಂದದ್ದನ್ನು ಯಾರಾದರೂ ಹೀಗೆ ಬಿಡುತ್ತಾರೆಯೇ ಎಂದು ವಾದ ಮಾಡಿದೆ. ಅವರು ನನಗೆ ಟೀ ಮಾಡಿ ಕೊಟ್ಟರು. ಟೀ ಕುಡಿಯುತ್ತಾ ಅವರ ಮುಖ ನೋಡಿದಾಗ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅಷ್ಟು ಆಸೆಪಟ್ಟದ್ದನ್ನು ಇನ್ನೊಬ್ಬ ಅಜ್ಜನಿಗೆ ಹೀಗೆ ಸದ್ದಿಲ್ಲದೆ ಬಿಟ್ಟುಕೊಡುವ ದೊಡ್ಡತನ ನನ್ನಲ್ಲಿಲ್ಲ. ಅವತ್ತಿನಿಂದ ಅವರ ಮೇಲಿನ ನನ್ನ ಗೌರವ ಬೇರೆಯೇ ಆಯಿತು.

ಹೆಣ್ಣುಮಗು ಹುಟ್ಟಿತು, ತಂದೆಯ ಮನೆತನದ ಹೆಸರಾಯಿತು. ಅಂಕಲ್ ನಕಾಶೆಯ ಹತ್ತಿರ ಹೋಗುವುದನ್ನೇ ಬಿಟ್ಟರು. ಬದಲಿಗೆ ಅಡುಗೆಮನೆಯ ಮೇಜಿನ ಮೇಲೆ ಬಿದಿರಿನ ಸಾಟೇ ಕಡ್ಡಿಗಳ ಕಟ್ಟುಗಳು ಬಂದವು. ಹಾಕರ್ ಸೆಂಟರಿನ ತಿಂಡಿ ಅಂಗಡಿಗಳಲ್ಲಿ ಮಾಂಸ ಚುಚ್ಚಿ ಕೆಂಡದ ಮೇಲೆ ಸುಡುತ್ತಾರಲ್ಲ, ಅದೇ ಕಡ್ಡಿ. ಏನಿದು, ಅಂಗಡಿ ಹಾಕುತ್ತೀರಾ ಎಂದು ಕೇಳಿದೆ. ಹಣಿಗೆ ಮಾಡುತ್ತಿದ್ದೇನೆ ಎಂದರು.

ಅವರ ವಂಶದಲ್ಲಿ ಎಷ್ಟು ತಲೆಮಾರಿನಿಂದ ಯಾರೂ ಹಣಿಗೆ ಮಾಡಿರಲಿಲ್ಲವೋ ದೇವರೇ ಬಲ್ಲ. ಅವರ ಅಜ್ಜನಿಗಾಗಲಿ ಮುತ್ತಜ್ಜನಿಗಾಗಲಿ ಆ ಕೆಲಸ ಗೊತ್ತಿರಲಿಲ್ಲ. ಕಡ್ಡಿಯನ್ನು ಸೀಳಿ, ತೆಳ್ಳಗೆ ಉಜ್ಜಿ, ಎರಡು ಪಟ್ಟಿಗಳ ನಡುವೆ ಒತ್ತಾಗಿ ನಿಲ್ಲಿಸಿ, ಒಂದೊಂದರ ನಡುವೆಯೂ ದಾರ ಸುತ್ತಿ ಬಿಗಿಯಬೇಕು. ದಾರದ ದಪ್ಪವೇ ಸಂದಿನ ಅಳತೆ. ಮೊದಲನೆಯದು ಸೊಟ್ಟಗಾಯಿತು. ಇನ್ನೊಂದರಲ್ಲಿ ಕಡ್ಡಿಯ ಸಿಬಿರು ನೂಲನ್ನು ಕಚ್ಚಿ ಹರಿಯಿತು. ಮತ್ತೊಂದು ನೋಡಲು ಲಕ್ಷಣವಾಗಿತ್ತು, ನೂಲು ಹಾಯಿಸಿ ಎಳೆದರೆ ನಡುವೆ ಬಾಯಿ ಬಿಟ್ಟಿತು. ಹಡಗಿನ ಎಂಜಿನ್ ಬಿಚ್ಚಿ ಜೋಡಿಸಿದ ಮನುಷ್ಯ ಸಾಟೇ ಕಡ್ಡಿಯ ಮುಂದೆ ಸೋತು ಕೂತಿದ್ದನ್ನು ನೋಡಿ ನಾನು ಕಾಡದೆ ಬಿಡಲಿಲ್ಲ. ನಿಮ್ಮ ಪೂರ್ವಜರು ನೋಡಿದರೆ ಹೆಸರನ್ನು ವಾಪಸ್ ಕಿತ್ತುಕೊಳ್ಳುತ್ತಾರೆ ಎಂದೆ. ಅವರು ತಲೆಯೆತ್ತದೆ, ಕಿತ್ತುಕೊಳ್ಳಲಿ, ಆಮೇಲೆ ಮತ್ತೆ ಸಂಪಾದಿಸುತ್ತೇನೆ ಎಂದರು. ಅವರ ಬೆರಳ ತುದಿಗಳಲ್ಲೆಲ್ಲ ಪ್ಲಾಸ್ಟರ್.

ಆ ಹಣಿಗೆ ಸರಿಹೋಗುವ ಹೊತ್ತಿಗೆ ಮಗು ಓಡಾಡುತ್ತಿತ್ತು. ಅದಕ್ಕೊಪ್ಪುವ ಪುಟ್ಟ ಮರದ ಮಗ್ಗ ಮುಗಿಯುವ ಹೊತ್ತಿಗೆ ಮಾತಾಡುತ್ತಿತ್ತು. ಅಜ್ಜ ಮೊದಲು ಮಗಳಿಗೆ ಕಲಿಸಿದರು, ಮಗಳು ಮಗುವಿಗೆ ಕಲಿಸಿದಳು. ಬೇಕೆಂದೇ ಹಾಗೆ ಮಾಡಿದ್ದು ಎಂದು ನನಗೆ ಆಗ ಹೊಳೆಯಲಿಲ್ಲ.

ಈ ವರ್ಷ ಶಾಲೆ ರಜೆಯಲ್ಲಿ ಮಗು ಅಜ್ಜನ ಮನೆಗೆ ಬಂದಿತ್ತು. ಈಗ ಅವಳಿಗೆ ಐದು. ನಾನು ನನ್ನ ಮಗಳನ್ನು ಕರೆದುಕೊಂಡು, ಒಂದು ಡಬ್ಬಿ ನೀರುದೋಸೆ ಹಿಡಿದು ಹೋದೆ. ಪುಟ್ಟಿ ನೆಲದ ಮೇಲೆ ಕೂತು ನಾಲಿಗೆ ಕಚ್ಚಿಕೊಂಡು ಹಸಿರು ನೂಲಿನ ಪಟ್ಟಿ ನೇಯುತ್ತಿದ್ದಳು. ಹೊಕ್ಕು ದಾಟಿಸುವುದು, ಹಣಿಗೆ ಎಳೆಯುವುದು, ಟಪ್. ನಮ್ಮ ಹಿಂದಿನ ಓಣಿಯ ಸದ್ದು ಅಷ್ಟು ದೂರದಿಂದ ಹೌಗಾಂಗ್‌ಗೆ ಬಂದು ನನ್ನ ಎದೆಗೆ ಬಡಿಯಿತು. ನನ್ನ ಮಗಳು, ದೊಡ್ಡವಳ ಗತ್ತಿನಲ್ಲಿ, ಇದನ್ನು ಯಾರು ಮಾಡಿದ್ದು ಎಂದು ಕೇಳಿದಳು.

“ನಾವು,” ಎಂದಳು ಪುಟ್ಟಿ. “ಅಮ್ಮನ ಕಡೆಯಿಂದ ನಾವು ಹಣಿಗೆ ಮಾಡೋರು, ಲಾ.” ಆಮೇಲೆ ಆ ಇಂಗ್ಲಿಷ್ ಹೆಸರನ್ನು ಒಂದು ಅಕ್ಷರ ತಪ್ಪದೆ ಹೇಳಿ, ಮತ್ತೆ ಹಣಿಗೆ ಎಳೆದಳು.

ಅಂಕಲ್ ಒಲೆಯ ಕಡೆ ತಿರುಗಿ ನಿಂತಿದ್ದರು. ಒಲೆಯ ಮೇಲೆ ಏನೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಡ್ರಾಯರ್ ತೆಗೆದು ಏನನ್ನೋ ಹುಡುಕಿ, ನಕಾಶೆಯ ಹತ್ತಿರ ಹೋದರು. ಬುಕಿತ್ ಪಂಜಾಂಗ್‌ನ ಬಿಳಿ ಸೂಜಿಯನ್ನು ಕಿತ್ತು ಅಲ್ಲಿ ಕೆಂಪು ಚುಚ್ಚಿದರು. ಇನ್ನೊಂದು ಕೆಂಪು ಸೂಜಿಯನ್ನು ನನ್ನ ಅಂಗೈಯಲ್ಲಿಟ್ಟರು.

“ಇದು ಮೊಮ್ಮಗಳದು, ನಿಮ್ಮ ಅಜ್ಜಿಯ ಕಾನೂನು. ನೀವೇ ಚುಚ್ಚಿ.”

ನನ್ನ ಕಣ್ಣು ಮಂಜಾಗಿ ಆ ಉದ್ದಿನಕಾಳಿನಂಥ ದ್ವೀಪ ಸರಿಯಾಗಿ ಕಾಣಲಿಲ್ಲ, ಸೂಜಿ ಸಮುದ್ರಕ್ಕೆ ಹೋಯಿತು. ಅವರು ನನ್ನ ಕೈ ಹಿಡಿದು ಸ್ವಲ್ಪ ಈಚೆಗೆ ಸರಿಸಿ, ಮಗಳ ಸೂಜಿಯ ಪಕ್ಕದಲ್ಲಿ ಒತ್ತಿಸಿದರು.