ಬಾಗಿಲಲ್ಲಿ ಮೊರ ಇಟ್ಟು ಕೂತವರು

ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಒಂದು ವರ್ಷ ಅತಿಥಿ ಶಿಕ್ಷಕಿಯಾಗಿದ್ದೆ. ಅಲ್ಲಿ ಬಿಸಿಯೂಟ ಮಾಡುತ್ತಿದ್ದ ಅಕ್ಕ ಬಡಿಸುವಾಗ ತಟ್ಟೆಗಿಂತ ಹೆಚ್ಚಾಗಿ ಮಕ್ಕಳ ಮುಖ ನೋಡುತ್ತಿದ್ದರು. "ಹೊಟ್ಟೆ ತುಂಬ್ತಾ ಮಗ?" ಎಂದು ಕೇಳಿ, ಉತ್ತರ ಬರುವವರೆಗೆ ಮುಂದಕ್ಕೆ ಹೋಗುತ್ತಿರಲಿಲ್ಲ.

ಆರನೇ ತರಗತಿಯ ಹುಡುಗಿಯೊಬ್ಬಳನ್ನು ಊಟದ ನಂತರ ಒಬ್ಬ ಮೇಷ್ಟ್ರು ಗ್ರಂಥಾಲಯದ ಕೋಣೆಗೆ ಒಬ್ಬಳನ್ನೇ ಕರೆಯುತ್ತಿದ್ದರು. ನಾನೂ ದಿನಾ ನೋಡುತ್ತಿದ್ದೆ. ಜಾಣೆ, ಹೆಚ್ಚು ಪಾಠ ಹೇಳಿಕೊಡುತ್ತಾರೆ ಎಂದುಕೊಂಡಿದ್ದೆ.

ಅಕ್ಕ ಮುಖ್ಯೋಪಾಧ್ಯಾಯರ ಬಳಿ ಹೋದರು. "ಆ ರೂಮ್ಗೆ ಓಗಕೆ ಮಗ ಎದರ್ಕತದೆ ಸಾ. ಅನ್ನಾನೂ ಬುಡ್ತಾ ಅದೆ."

"ನೀನು ಸಾಂಬಾರ್ ನೋಡ್ಕೊಳಮ್ಮ," ಎಂದರು ಅವರು.

ಮರುದಿನ ಊಟದ ನಂತರ ಅಕ್ಕ ನಾಳೆಯ ಅಡುಗೆಯ ಅಕ್ಕಿಯನ್ನು ಮೊರದಲ್ಲಿ ತಂದು, ಆ ಕೋಣೆಯ ಹೊಸ್ತಿಲಲ್ಲೇ ಕೂತು ಕಲ್ಲು ಆರಿಸತೊಡಗಿದರು. ಮೇಷ್ಟ್ರು ಗದರಿದರು. "ಅಡುಗೆಮನೇಲಿ ಬೆಳಕಿಲ್ಲ ಸಾ. ನೀವ್ ಪಾಠ ಮಾಡಿ, ನಾನೂ ಕೇಳ್ಕತೀನಿ ಬುಡಿ," ಎಂದರು ಅಕ್ಕ, ತಲೆ ಎತ್ತದೆ. ವಾರವಿಡೀ ಹಾಗೆಯೇ ಕೂತರು. ಕೊನೆಗೆ ಹುಡುಗಿ ಅವರ ಸೆರಗು ಹಿಡಿದು ಎಲ್ಲ ಹೇಳಿದಳು. ಅವಳ ತಾಯಿಯನ್ನು ಪೊಲೀಸ್ ಠಾಣೆಗೆ ಕರೆದುಕೊಂಡು ಹೋದವರೂ ಅಕ್ಕನೇ.

ಮೇಷ್ಟ್ರ ಬಂಧನವಾದ ಮೇಲೆ, ಸುತ್ತಲಿನ ಶಾಲೆಗಳ ಶಿಕ್ಷಕರಿಗೆಲ್ಲ ನಮ್ಮಲ್ಲೇ ಮಕ್ಕಳ ರಕ್ಷಣೆಯ ತರಬೇತಿ ನಡೆಯಿತು. ಅಕ್ಕನ ಹೆಸರು ಪಟ್ಟಿಯಲ್ಲಿ ಯಾಕಿಲ್ಲ ಎಂದು ಕೇಳಿದೆ.

"ಅವರೂ ಬಂದು ಕೂತ್ರೆ ನಮಗೆ ಊಟ ಯಾರ್ ಮಾಡ್ತಾರೆ ಮೇಡಂ?" ಎಂದು ಮುಖ್ಯೋಪಾಧ್ಯಾಯರು ನಕ್ಕರು.

ಕಣ್ಣಿದ್ದೂ ಏನೂ ಕಾಣದಿದ್ದ ನನಗೆ ಅಂದು ಪ್ರಮಾಣಪತ್ರ ಸಿಕ್ಕಿತು. ಅಕ್ಕ ನಲವತ್ತು ಜನರಿಗೆ ಪಾಯಸ ಮಾಡಿದರು.