ಡೋರಿಸ್ ಮನೆಯ ಸಕ್ಕರೆ

ಹೋದ ತಿಂಗಳು ಕಡುಬು ಬೇಯಿಸುವ ಪಾತ್ರೆ ಹುಡುಕುತ್ತಾ ಅಡುಗೆಮನೆಯ ಸಜ್ಜೆಯ ಮೇಲೆ ಕೈಯಾಡಿಸುತ್ತಿದ್ದೆ. ಮೂಲೆಯಿಂದ ಒಂದು ಸ್ಟೀಲ್ ಡಬ್ಬಿ ಉರುಳಿ ಬಂದು ನನ್ನ ಭುಜಕ್ಕೆ ಬಡಿದು ನೆಲಕ್ಕೆ ಬಿತ್ತು. ಅದರ ಪಕ್ಕೆಯಲ್ಲಿ ಚುಕ್ಕೆ ಚುಕ್ಕೆಯಾಗಿ ಹೆಸರು ಕೆತ್ತಿತ್ತು: 'ಗಿರಿಜಾ, ಬಾಳೂರು'. ನಮ್ಮ ಕಡೆ ಪಾತ್ರೆ ಅಂಗಡಿಯವರು ಟರ್ರೆಂದು ಸದ್ದು ಮಾಡುವ ಮಿಷನ್ನಿನಲ್ಲಿ ಹೆಸರು ಹಾಕಿಕೊಡುತ್ತಾರೆ, ನಿಮಗೂ ಗೊತ್ತಿರುತ್ತದೆ. ಯಾರ ಡಬ್ಬಿ ಯಾರ ಮನೆಯಲ್ಲಿ ಉಳಿದರೂ ಅದು ತನ್ನ ಒಡತಿಯ ಹೆಸರು ಹೇಳುತ್ತಲೇ ಇರುತ್ತದೆ.

ಉರುಳಿ ಬಂತು ಎಂದೆ. ನಿಜ ಹೇಳಬೇಕೆಂದರೆ ಎರಡು ವರ್ಷದ ಹಿಂದೆ ಅದು ಕಣ್ಣಿಗೆ ಬೀಳದಿರಲಿ ಎಂದು ಹಿಂದಕ್ಕೆ ತಳ್ಳಿಟ್ಟವಳು ನಾನೇ. ಏಕೆ ಎಂಬುದನ್ನು ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ನೀವು ನನ್ನ ಜೊತೆ ಅಮೆರಿಕಕ್ಕೆ ಹೋಗಿ ಬರಬೇಕು. ಗಾಬರಿಯಾಗಬೇಡಿ, ದೊಡ್ಡ ಊರಿಗಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಕ್ಲಬ್ಬಿನವರು ಹಳ್ಳಿ ಶಾಲೆಯ ಮೇಷ್ಟ್ರುಗಳನ್ನು ಐದು ವಾರದ ಮಟ್ಟಿಗೆ ಅಲ್ಲಿಯ ಹಳ್ಳಿಗಾಡಿಗೆ ಕಳಿಸಿದ್ದರು. ಇಂಗ್ಲಿಷ್ ಕಲಿಸುತ್ತಾಳೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಆರಿಸಿದರು. ಅಲ್ಲಿ ಇಳಿದ ಮೊದಲ ದಿನವೇ ನನ್ನ ಇಷ್ಟು ವರ್ಷದ ಇಂಗ್ಲಿಷ್ ಯಾರಿಗೂ ತಿಳಿಯದೆ, ಉಪ್ಪು ಬೇಕೆಂಬುದನ್ನು ಕೈಸನ್ನೆಯಲ್ಲಿ ಹೇಳಬೇಕಾಯಿತು. ಕಿವಿ ಹೊಂದಿಕೊಂಡ ಮೇಲೆ ಮಾತ್ರ ಅವರ ಮಾತು ನನಗೆ ಅಚ್ಚ ನಮ್ಮೂರ ಮಾತಿನ ಹಾಗೇ ಕೇಳಿಸತೊಡಗಿತು. ಹಾಗಾಗಿ ಹಾಗೆಯೇ ಬರೆಯುತ್ತೇನೆ.

ಅದನ್ನು ಅವರು 'ಸಿಟಿ' ಎನ್ನುತ್ತಿದ್ದರು. ಸಂತೆಯ ದಿನ ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಅದಕ್ಕಿಂತ ಹೆಚ್ಚು ಜನ ಸಿಗುತ್ತಾರೆ. ಒಂದು ಸಿಗ್ನಲ್ ದೀಪ, ಊರಿನ ಹೆಸರು ಬರೆದ ಎತ್ತರದ ನೀರಿನ ಟ್ಯಾಂಕು, ಜೋಳ ತುಂಬುವ ಕಣಜಗಳು, ಅದರಾಚೆ ಕಣ್ಣು ಹರಿದಷ್ಟು ದೂರ ಬರೀ ಜೋಳ. ಒಂದು ಗುಡ್ಡವೂ ಇಲ್ಲದ ಆ ಬಯಲಲ್ಲಿ ನನಗೆ ಬಟ್ಟಲಿನಿಂದ ಹೊರಗೆ ಚೆಲ್ಲಿಕೊಂಡ ಹಾಗಾಗುತ್ತಿತ್ತು. ಎದುರಿಗೆ ಬಂದ ವಾಹನದವರೆಲ್ಲ ಸ್ಟೀರಿಂಗಿನ ಮೇಲಿಂದ ಒಂದೇ ಒಂದು ಬೆರಳು ಎತ್ತಿ ನಮಸ್ಕಾರ ಹೇಳುತ್ತಿದ್ದರು. ನಮ್ಮ ಬಾಳೂರಿನ ಜೀಪಿನವರಾದರೆ ತಿರುವಿನಲ್ಲೇ ಗಾಡಿ ನಿಲ್ಲಿಸಿ ಮನೆಮಂದಿಯನ್ನೆಲ್ಲ ವಿಚಾರಿಸಿಕೊಳ್ಳುತ್ತಾರೆ. ಒಂದು ಬೆರಳಲ್ಲಿ ಅಷ್ಟೆಲ್ಲ ಹೇಗೆ ಮುಗಿಸುತ್ತಾರೆ ಎಂದು ನನಗೆ ಬಹಳ ದಿನ ಕುತೂಹಲವಿತ್ತು.

ನಾನು ಉಳಿದುಕೊಂಡದ್ದು ಡೋರಿಸ್ ಎಂಬ ಎಪ್ಪತ್ತು ದಾಟಿದ ಹೆಂಗಸಿನ ಮನೆಯಲ್ಲಿ. ನಾನು ಹೋಗುವುದಕ್ಕೆ ಹದಿನೈದು ದಿನ ಮೊದಲು ಅವರ ಗಂಡ ಕಾರ್ಲ್ ತೀರಿಕೊಂಡಿದ್ದರು. ಬೇರೆ ಮನೆ ನೋಡಿಕೊಳ್ಳುತ್ತೇನೆ ಎಂದರೆ ಡೋರಿಸ್ ಕೇಳಲಿಲ್ಲ. "ಬರ್ತೀನಿ ಅಂದವಳನ್ನ ಬೇಡ ಅನ್ನಕ್ಕಾಗುತ್ತಾ? ಹಾಸಿಗೆ ಹಾಸಾಗಿದೆ" ಎಂದರು.

ಅವರ ಹಿತ್ತಿಲ ಜಗಲಿಯ ಮೇಜಿನ ಮೇಲೆ ಗಾಜಿನ ಪಾತ್ರೆಗಳು ರಾಶಿ ಬಿದ್ದಿದ್ದವು. ಸಾವಿನ ಮನೆಗೆ ಊರವರೆಲ್ಲ ಬೇಯಿಸಿದ ಊಟವನ್ನು ತಂದಿಟ್ಟು ಹೋಗುವುದು ಅಲ್ಲಿಯ ಪದ್ಧತಿ. ಒಂದೊಂದು ಪಾತ್ರೆಯ ತಳದಲ್ಲೂ ಟೇಪು ಅಂಟಿಸಿ ಹೆಸರು ಬರೆದಿದ್ದರು. ನನಗೆ ಆದ ಸಂತೋಷ ಹೇಳತೀರದು. ಹೆಸರು ಹಾಕಿದ ಪಾತ್ರೆ! ಸಾವಿರಾರು ಮೈಲಿ ದೂರದಲ್ಲೂ ಹೆಂಗಸರು ತಮ್ಮ ಪಾತ್ರೆ ಕಳೆದುಹೋದೀತು ಎಂದು ಹೆದರುತ್ತಾರೆ! ತೊಳೆದು ಎಲ್ಲರಿಗೂ ಕೊಟ್ಟು ಬರುತ್ತೇನೆ ಎಂದೆ. ಡೋರಿಸ್ ಒಪ್ಪಿದರು. ಆದರೆ ನೀಲಿ ಹೂವಿನ ಒಂದು ಪಾತ್ರೆಯನ್ನು ಗೋಡೆಯ ಕಡೆಗೆ ಸರಿಸಿ, "ಅದು ಅಲ್ಲೇ ಇರ್ಲಿ" ಎಂದರು.

ತಳ ನೋಡದಿರುವ ಜಾಯಮಾನ ನನ್ನದಲ್ಲ. 'ರೂತ್' ಎಂದಿತ್ತು.

ರೂತ್ ಎದುರು ಮನೆಯವರು. ಆ ಕಡೆಯ ಕಿಟಕಿಯ ಪರದೆ ಏಕೆ ಸದಾ ಎಳೆದಿರುತ್ತದೆ ಎಂದು ಮೊದಲ ವಾರವೇ ಕೇಳಿ ತಿಳಿದುಕೊಂಡಿದ್ದೆ. ಇಬ್ಬರೂ ಚಿಕ್ಕಂದಿನ ಗೆಳತಿಯರು. ಕಾರ್ಲ್ ಆ ಊರ ಶಾಲೆಯ ಕೆಲಸದವರು. ಬಾಗಿಲು ತೆಗೆಯುವುದು, ಗಂಟೆ ಹೊಡೆಯುವುದು, ಹಿಮ ಗುಡಿಸುವುದು ಎಲ್ಲ ಅವರದೇ. ಮಕ್ಕಳು ಕಡಿಮೆಯಾಗಿ ಶಾಲೆಯನ್ನು ಪಕ್ಕದ ಊರಿನ ಶಾಲೆಗೆ ಸೇರಿಸುವ ಮಾತು ಬಂದಾಗ, ಸಭೆಯಲ್ಲಿ ರೂತ್ ಹೌದೆಂದು ಕೈ ಎತ್ತಿದರು. ಶಾಲೆ ಮುಚ್ಚಿದ ಮೇಲೂ ಕಾರ್ಲ್ ಸಾಯುವ ತನಕ ಅದರ ಬೀಗದ ಕೈಯನ್ನು ಜೇಬಲ್ಲಿಟ್ಟುಕೊಂಡೇ ತಿರುಗಿದರಂತೆ. ಆ ಸಭೆಯಿಂದೀಚೆಗೆ ಎಂಟು ವರ್ಷ ಗೆಳತಿಯರಿಬ್ಬರಿಗೂ ಮಾತಿಲ್ಲ.

ಕಾರ್ಲ್ ಸಮಾಧಿಕಲ್ಲಿಗೆ ಹೆಸರು ಕೆತ್ತಿಸಲು ಡೋರಿಸ್ ಪಕ್ಕದ ಊರಿಗೆ ಹೋದ ದಿನ ನಾನು ಪಾತ್ರೆಗಳನ್ನು ಹೊರಡಿಸಿದೆ. ಎಲ್ಲ ತೊಳೆದು ಒರೆಸಿದ್ದಾಯಿತು. ಆಗ ಮನಸ್ಸಿನೊಳಗೆ ನಮ್ಮಮ್ಮನ ದನಿ ಕೇಳಿತು. "ಖಾಲಿ ಪಾತ್ರೆ ವಾಪಸ್ ಕೊಡಬಾರ್ದು ಕಣೆ. ಏನೂ ಇಲ್ದಿದ್ರೆ ಒಂದು ಚಮಚ ಸಕ್ರೆನಾದ್ರೂ ಹಾಕು." ಸಾವಿನ ಮನೆಯಿಂದ ಸಿಹಿ ಕಳಿಸಬಹುದೇ ಎಂದು ಒಂದು ಕ್ಷಣ ಅನುಮಾನವಾಯಿತು. ಬರಿದೇ ಕಳಿಸುವುದಕ್ಕಿಂತ ವಾಸಿ ಎಂದುಕೊಂಡು ಪ್ರತಿ ಪಾತ್ರೆಗೂ ಒಂದೊಂದು ಚಮಚ ಸಕ್ಕರೆ ಹಾಕಿ, ಬೆಳ್ಳಿಕಾಗದ ಮುಚ್ಚಿ, ಮನೆಮನೆಯ ಮೆಟ್ಟಿಲ ಮೇಲೆ ಇಟ್ಟುಬಂದೆ. ನೀಲಿ ಹೂವಿನದನ್ನೂ ಇಟ್ಟುಬಂದೆ. ಅದು ಪದ್ಧತಿಯಿಂದಲ್ಲ, ಏನಾಗುತ್ತದೋ ನೋಡೋಣ ಎಂಬ ನನ್ನ ಕೆಟ್ಟ ಚಪಲದಿಂದ.

ಸಂಜೆಯ ಹೊತ್ತಿಗೆ ಫೋನಿನ ಮೇಲೆ ಫೋನು. ಅಷ್ಟು ದೊಡ್ಡ ಪಾತ್ರೆಯಲ್ಲಿ ಇಷ್ಟೇ ಇಷ್ಟು ಸಕ್ಕರೆ ಕಂಡು ಊರಿಗೆ ಊರೇ ಗಾಬರಿಯಾಗಿತ್ತು. ದುಃಖದಲ್ಲಿ ಡೋರಿಸ್‌ಗೆ ಬುದ್ಧಿ ಸ್ಥಿಮಿತ ತಪ್ಪಿದೆ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಏನೂ ಅರ್ಥವಾಗದೆ ಡೋರಿಸ್ ನನ್ನ ಮುಖ ನೋಡುತ್ತಿರುವಾಗಲೇ ಬಾಗಿಲು ಬಡಿಯಿತು. ನೀಲಿ ಹೂವಿನ ಪಾತ್ರೆಯನ್ನು ಎದೆಗವಚಿಕೊಂಡು ರೂತ್ ನಿಂತಿದ್ದರು. ಎಂಟು ವರ್ಷದಿಂದ ದಾಟದ ರಸ್ತೆಯನ್ನು ಮನೆಯ ಚಪ್ಪಲಿಯಲ್ಲೇ ದಾಟಿ ಬಂದಿದ್ದರು.

"ಅಲ್ಲ ಮಾರಾಯ್ತಿ, ಹುಷಾರಾಗಿದ್ದೀಯಾ ನೀನು?"

"ನಂಗೇನಾಗಿದೆ?"

"ಮತ್ತೆ ಈ ಸಕ್ರೆ?"

ನಾನು ತೊದಲುತ್ತಾ ಅಮ್ಮನ ಮಾತನ್ನು ಒಪ್ಪಿಸಿದೆ. ಕೇಳಿ ರೂತ್ ಮುಖ ಸಣ್ಣದಾಯಿತು. "ಹಾಗಾದ್ರೆ ನೀನು ಕಳಿಸಿದ್ದಲ್ಲ" ಎಂದರು, ಡೋರಿಸ್ ಕಡೆ ನೋಡದೆ.

"ನಾನು ಕಳಿಸ್ಲಿಲ್ಲ" ಎಂದರು ಡೋರಿಸ್.

ನನಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. ಹೆರವರ ಮನೆಯ ದುಃಖದಲ್ಲಿ ಮೂಗು ತೂರಿಸಿದ್ದಕ್ಕೆ ತಕ್ಕ ಶಾಸ್ತಿಯಾಯಿತು ಎಂದುಕೊಂಡೆ. ರೂತ್ ತಿರುಗಿ ಒಂದು ಮೆಟ್ಟಿಲು ಇಳಿದಿದ್ದರು. ಆಗ ಡೋರಿಸ್, ಒಳಗೆ ಒಲೆಯ ಕಡೆ ಹೋಗುತ್ತಾ, "ಕಾಫಿ ಇಟ್ಟಿದ್ದೆ. ಸಕ್ರೆ ಹೇಗೂ ನೀನೇ ತಂದಿದ್ದೀಯಲ್ಲ" ಎಂದರು.

ಆ ನೀರುನೀರು ಕಾಫಿಯನ್ನು ನಾನು ಮರುಮಾತಿಲ್ಲದೆ ಕುಡಿದೆ. ಕಾಫಿ ಸೀಮೆಯವಳಿಗೆ ಅದಕ್ಕಿಂತ ದೊಡ್ಡ ಪ್ರಾಯಶ್ಚಿತ್ತವಿಲ್ಲ. ಅವರಿಬ್ಬರೂ ಶಾಲೆಯ ಸುದ್ದಿ ಎತ್ತಲಿಲ್ಲ. ಮೇಪಲ್ ಮರದ ಎಲೆ ಉದುರುವುದು ಈ ವರ್ಷ ತಡವಾಯಿತು ಎಂಬುದನ್ನೇ ಒಂದು ಗಂಟೆ ಮಾತಾಡಿದರು.

ಹೊರಡುವ ಮೊದಲು ರೂತ್ ಒಬ್ಬರೇ ಸಿಕ್ಕಾಗ, ಅಂದು ಕೈ ಎತ್ತಿದ್ದು ಏಕೆ ಎಂದು ಕೇಳಿಯೇಬಿಟ್ಟೆ. "ಮೂರನೇ ಕ್ಲಾಸಲ್ಲಿ ಒಂದೇ ಒಂದು ಹುಡುಗಿ ಉಳ್ದಿತ್ತು. ಆಟದ ಪೀರಿಯಡ್ಡಲ್ಲಿ ಕಾರ್ಲ್ ಪೊರಕೆ ಬದಿಗಿಟ್ಟು ಆ ಮಗು ಜೊತೆ ಚೆಂಡು ಆಡೋನು. ನಂಗೆ ನೋಡಕ್ಕಾಗ್ಲಿಲ್ಲ" ಎಂದರು. ಅರ್ಥವಾದವಳಂತೆ ತಲೆಯಾಡಿಸಿದೆ.

ಅರ್ಥವಾದದ್ದು ಎರಡು ವರ್ಷದ ಹಿಂದೆ. ಬಾಳೂರಿನ ಮೇಲ್ಗಡೆ ನಾನು ಮುಖ್ಯೋಪಾಧ್ಯಾಯಿನಿಯಾಗಿದ್ದ ಶಾಲೆಯಲ್ಲಿ ಐದು ಮಕ್ಕಳು ಉಳಿದಿದ್ದವು. ಎಸ್ಟೇಟಿನ ಕೂಲಿಯವರಿದ್ದ ಲೈನಿನ ಮನೆಗಳು ಒಂದೊಂದಾಗಿ ಖಾಲಿಯಾಗಿದ್ದವು. ಕಬಡ್ಡಿಗೆ ಜನ ಸಾಲದೆ ಬಿಸಿಯೂಟದ ಗಿರಿಜಕ್ಕ ಸೆರಗು ಸಿಕ್ಕಿಸಿಕೊಂಡು ಆಟಕ್ಕೆ ಇಳಿಯುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆಮೇಲೊಂದು ದಿನ ಕೂತು, ಶಾಲೆಯನ್ನು ಕೆಳಗಿನ ದೊಡ್ಡ ಶಾಲೆಗೆ ಸೇರಿಸಬಹುದು ಎಂದು ಪತ್ರ ಬರೆದು ಸಹಿ ಹಾಕಿದೆ. ಕೊನೆಯ ದಿನ ಗಿರಿಜಕ್ಕ ನನಗೆಂದೇ ಅಕ್ಕಿ ಬೆಲ್ಲದ ಹಾಲುಬಾಯಿ ಮಾಡಿ ಈ ಡಬ್ಬಿಯಲ್ಲಿ ಕೊಟ್ಟಳು. ಆ ಪತ್ರ ಬರೆದವಳು ನಾನೇ ಎಂದು ಅವಳಿಗೆ ಗೊತ್ತಾದದ್ದು ಮಾರನೆಯ ದಿನ. ಆಮೇಲೆ ಎದುರು ಸಿಕ್ಕರೂ ಅವಳು ಮಾತಾಡಲಿಲ್ಲ. ಡಬ್ಬಿಯನ್ನು ಖಾಲಿ ಕೊಡುವಂತಿಲ್ಲ. ಆದರೆ ಅವಳ ಅಡುಗೆಮನೆಗೆ ಬೀಗ ಹಾಕಿಸಿದ ನಾನು ಅವಳ ಡಬ್ಬಿಗೆ ಏನು ತುಂಬಲಿ? ಸಜ್ಜೆಯ ಮೇಲೆ ತಳ್ಳಿಟ್ಟೆ.

ಭುಜಕ್ಕೆ ಪೆಟ್ಟು ಬಿದ್ದ ಮಾರನೆಯ ದಿನವೇ ಡಬ್ಬಿಗೆ ಒಂದು ಚಮಚ ಸಕ್ಕರೆ ಹಾಕಿಕೊಂಡು ಮೂಡಿಗೆರೆಯಿಂದ ಬಾಳೂರಿನ ಬಸ್ಸು ಹತ್ತಿದೆ. ಗಿರಿಜಕ್ಕ ಈಗ ತೋಟದ ಕೆಲಸಕ್ಕೆ ಹೋಗುತ್ತಾಳೆ. ಅಂದು ರಜೆ, ಅಂಗಳದಲ್ಲಿ ಮೆಣಸು ಹರವುತ್ತಿದ್ದಳು. ಡಬ್ಬಿ ತೆಗೆದುಕೊಂಡು ಮುಚ್ಚಳ ಬಿಚ್ಚಿ ಒಳಗೆ ನೋಡಿದಳು.

"ಏನ್ ಟೀಚ್ರೆ, ಎರಡು ವರ್ಷಕ್ಕೆ ಒಂದು ಚಮಚನಾ?"

"ಬೇರೆ ಏನು ಹಾಕ್ಬೇಕು ಅಂತ ತೋಚಲಿಲ್ಲ ಗಿರಿಜಕ್ಕ."

ಅವಳು ಮೆಣಸನ್ನು ಕೈಯಲ್ಲಿ ಸರಿಸಿದಳು. "ಕೆಳಗಿನ ಸ್ಕೂಲಿಗೆ ಆ ತಿರುವಲ್ಲಿ ಜೀಪಲ್ಲಿ ಹೋಗಿ ಹೋಗಿ ಸಣ್ಣ ಮಕ್ಳು ವಾಂತಿ ಮಾಡ್ಕತವೆ. ಗೊತ್ತಾ ನಿಮ್ಗೆ?"

ಗೊತ್ತು ಎನ್ನಲು ಬಾಯಿ ತೆರೆದೆ. "ಗೊತ್ತಿರ್ಲಿಲ್ಲ" ಎಂದೆ.

"ಆದ್ರೆ ಅಲ್ಲಿ ಕಬಡ್ಡಿ ಟೀಮ್ ಇದೆಯಂತೆ" ಎಂದಳು, ನನಗೋ ಮೆಣಸಿಗೋ ಎಂಬಂತೆ. ಎದ್ದು ಒಳಗೆ ಹೋದಳು. ಪಾತ್ರೆಯ ಸದ್ದು, ನೀರಿನ ಸದ್ದು ಕೇಳಿಸಿತು. ಕಾಫಿಗೆ ಕರೆಯುತ್ತಾಳೇನೋ ಎಂದು ಕಾದೆ. ಕರೆಯಲಿಲ್ಲ. ಹೊರಗೆ ಬಂದು ಅದೇ ಡಬ್ಬಿಯನ್ನು ನನ್ನ ಕೈಯಲ್ಲಿಟ್ಟಳು. ಬಿಸಿಯಾಗಿತ್ತು.

"ಪತ್ರೊಡೆ. ಡಬ್ಬಿ ನಂದು, ನೆನಪಿರ್ಲಿ. ಭಾನುವಾರ ಬೇಕು ನಂಗೆ. ಬೇರೆಯವ್ರ ಕೈಲಿ ಕಳಿಸ್ಬೇಡಿ."

ಅಂದಿನಿಂದ ಆ ಡಬ್ಬಿ ನಾಲ್ಕು ಸಲ ಬಸ್ಸು ಹತ್ತಿದೆ. ಗಿರಿಜಕ್ಕ ಇನ್ನೂ ಕಾಫಿಗೆ ಕರೆದಿಲ್ಲ. ಕುಳಿತುಕೊಳ್ಳಲು ಮಣೆ ಕೊಟ್ಟಿದ್ದಾಳೆ. ನಾಳೆ ಭಾನುವಾರ. ಇದನ್ನು ಬರೆಯುತ್ತಾ ಕೂತಿದ್ದರಲ್ಲಿ, ಡಬ್ಬಿಗೆಂದು ಒಲೆಯ ಮೇಲೆ ಹುರಿಯಲು ಇಟ್ಟ ರವೆ ಸೀದುಹೋಯಿತು. ಇನ್ನೊಂದು ಪಾವು ಅಳೆದುಕೊಳ್ಳಬೇಕು, ಏಳುತ್ತೇನೆ.